ದೋಣಿ ಒಂದೇ ಆದಾಗ ಗೆಲುವು ಎಲ್ಲಿರುತ್ತದೆ?

ಡೆನ್ಮಾರ್ಕಿನ ಹಾಯಿದೋಣಿ ಸ್ಪರ್ಧಿ ಪಾಲ್ ಎಲ್ವ್‌ಸ್ಟ್ರೋಮ್ (1928–2016) ಅವರನ್ನು ನೆನೆಯುವ ಬರಹಗಳು ಹೆಚ್ಚಾಗಿ ನಾಲ್ಕು ಚಿನ್ನದ ಪದಕಗಳಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಒಬ್ಬರೇ ನಡೆಸುವ ದೋಣಿಯ ವಿಭಾಗದಲ್ಲಿ 1948ರಿಂದ 1960ರವರೆಗಿನ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ದೊರೆತ ಆ ಪದಕಗಳ ಹಿರಿಮೆ ನಿರ್ವಿವಾದವಾದುದು. ಆದರೆ ಕ್ರೀಡಾ ಇತಿಹಾಸ ದಾರಿ ತಪ್ಪಿದ್ದೂ ಅಲ್ಲಿಯೇ ಎಂಬುದು ಈ ಭಾಷಣದ ನಿಲುವು: ಪದಕಗಳ ಲೆಕ್ಕವನ್ನು ತನ್ನದಾಗಿಸಿಕೊಂಡ ಈ ಶಾಸ್ತ್ರವು, ಗೆಲುವು ಹೇಗೆ ಸಿದ್ಧವಾಯಿತು ಎಂಬ ವಿಚಾರವನ್ನು ತರಬೇತುದಾರರಿಗೆ ಬಿಟ್ಟುಕೊಟ್ಟಿತು.

ಬಹುಕಾಲದಿಂದ ಬಗೆಹರಿಯದೆ ಉಳಿದಿರುವ ಪ್ರಶ್ನೆ ಬೇರೆಯದು. 1952ರಿಂದ ಎಲ್ವ್‌ಸ್ಟ್ರೋಮ್ ಒಲಿಂಪಿಕ್ಸ್‌ನಲ್ಲಿ ಗೆದ್ದದ್ದು, ಸ್ವೀಡನ್ನಿನ ರಿಕಾರ್ಡ್ ಸಾರ್ಬಿ 1949ರಲ್ಲಿ ರೂಪಿಸಿದ ‘ಫಿನ್’ ದೋಣಿಯಲ್ಲಿ. ಇದು ಏಕವಿನ್ಯಾಸದ ದೋಣಿ, ಅಂದರೆ ಎಲ್ಲ ಸ್ಪರ್ಧಿಗಳಿಗೂ ಒಂದೇ ಆಕಾರ, ಒಂದೇ ಅಳತೆ ಕಡ್ಡಾಯವಾದದ್ದು. ದೋಣಿಯೂ ಗಾಳಿಯೂ ಕಡಲೂ ಎಲ್ಲರಿಗೂ ಒಂದೇ ಆಗಿರುವಾಗ ಗೆಲುವು ಎಲ್ಲಿ ನೆಲೆಸಿರುತ್ತದೆ?

ಮೈಯಲ್ಲಿ ಎಂಬುದು ಮೊದಲ ಉತ್ತರ. ಗಾಳಿ ಹಾಯಿಯನ್ನು ತಳ್ಳಿ ದೋಣಿಯನ್ನು ಒಂದು ಬದಿಗೆ ವಾಲಿಸಿದಾಗ, ಸ್ಪರ್ಧಿಯು ಒಳಗಿನ ಪಟ್ಟಿಗೆ ಪಾದ ಸಿಕ್ಕಿಸಿ, ತೊಡೆಗಳನ್ನು ಅಂಚಿಗೆ ಒತ್ತಿ, ಬೆನ್ನನ್ನು ನೀರಿನ ಮೇಲಕ್ಕೆ ಚಾಚಿ ಸಮತೋಲ ಕಾಯಬೇಕು. ಅದೇ ಭಂಗಿಯಲ್ಲಿ ಗಂಟೆಗಟ್ಟಲೆ ಉಳಿಯುವ ಶಕ್ತಿಗಾಗಿ ಎಲ್ವ್‌ಸ್ಟ್ರೋಮ್ ದಡದಲ್ಲಿಯೇ ಒಂದು ಬೆಂಚು ಮಾಡಿಕೊಂಡು ಅಭ್ಯಾಸ ಮಾಡಿದರು. ಆದರೆ ಈ ಉತ್ತರ ಸಾಲದು, ಏಕೆಂದರೆ ಬೆಂಚಿನ ಗುಟ್ಟು ಬೇಗ ಎಲ್ಲರದಾಯಿತು. ದೋಣಿ ಚಲಿಸುವಾಗ ಉಂಟಾಗುವ ಸೆಳೆತದಿಂದಲೇ ಒಳಗಿನ ನೀರನ್ನು ತಳದ ಕಿಂಡಿಯ ಮೂಲಕ ಹೊರಹಾಕುವ ಸಾಧನಕ್ಕೆ ಅವರ ಹೆಸರೇ ಅಂಟಿಕೊಂಡಿತು; ಅವರ ಸಂಸ್ಥೆ ಹೊಲಿದ ಹಾಯಿಗಳನ್ನು ಎದುರಾಳಿಗಳೂ ಕೊಂಡರು; ಸ್ಪರ್ಧೆಯ ನಿಯಮಗಳನ್ನು ವಿವರಿಸುವ ಅವರ ಪುಸ್ತಕವನ್ನು ಎದುರಾಳಿಗಳೂ ಓದಿದರು. ಗುಟ್ಟನ್ನೆಲ್ಲ ಮಾರುಕಟ್ಟೆಗೆ ಬಿಟ್ಟ ಮೇಲೂ ಮುಂದೆ ಉಳಿದವರ ಕೌಶಲವನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಇಲ್ಲಿ ವಾದವನ್ನು ತುಸು ನಿಲ್ಲಿಸಿ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. 1948ರಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲಲ್ಲಿ, ಇಪ್ಪತ್ತರ ಪ್ರಾಯದ ಎಲ್ವ್‌ಸ್ಟ್ರೋಮ್ ಮೊದಲ ಓಟದಲ್ಲಿಯೇ ಪ್ರತಿಸ್ಪರ್ಧಿಯೊಬ್ಬರು ಆಕ್ಷೇಪವೆತ್ತಿ ಕೂಗಿದ್ದನ್ನು ಕೇಳಿ ಹಿಂದೆ ಸರಿದರು; ಆದರೂ ಏಳು ಓಟಗಳ ಆ ಸರಣಿಯ ಕೊನೆಯ ಎರಡನ್ನು ಗೆದ್ದು ಚಿನ್ನ ಪಡೆದರು. ಎದುರಾಳಿಯ ಗೌರವವನ್ನು ಕಳೆದುಕೊಂಡು ಪಡೆದ ಗೆಲುವು ಗೆಲುವಲ್ಲ ಎಂಬ, ಅವರ ಹೆಸರಿನೊಂದಿಗೆ ಬೆಸೆದುಕೊಂಡ ನಂಬಿಕೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಪದಕಪಟ್ಟಿಯ ಕುರುಡು ಎದ್ದು ಕಾಣುವುದು 1984ರಲ್ಲಿ. ಆ ವರ್ಷ ಮಗಳು ಟ್ರಿನೆಯೊಡನೆ ಜೋಡಿ ಒಡಲಿನ ‘ಟೊರ್ನೇಡೊ’ ದೋಣಿ ನಡೆಸಿದ ಎಲ್ವ್‌ಸ್ಟ್ರೋಮ್ ನಾಲ್ಕನೆಯವರಾದರು. ಅರುವತ್ತರ ವಯಸ್ಸಿನಲ್ಲಿ, 1988ರಲ್ಲಿ, ತಂದೆ ಮಗಳು ಮತ್ತೆ ಸ್ಪರ್ಧೆಗಿಳಿದರು. ತಂದೆಯ ಕೈಯ ತಿಳಿವು ಮಗಳ ಕೈಗೆ ದಾಟಿದ ಬಗೆಯನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಮುಂದಿನ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರು ಪದಕದ ಪಕ್ಕದಲ್ಲಿ ಆ ಬೆಂಚಿಗೂ ಒಂದು ಜಾಗ ಕೊಡಬೇಕು ಎಂಬುದೇ ಈ ಆಶಯ ಭಾಷಣದ ಆಶಯ.