ಪದಕದ ಹಿಂದಿನ ರುಜು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪದಕಗಳ ಬಗ್ಗೆ ಮಾತಾಡ್ತೀನಿ ಅಂದಾಗ ಕೆಲವರು ನಕ್ಕರು. ಮೆಸ್ಸಿನಲ್ಲಿ ಅನ್ನ ಸಾಲದವರಿಗೆ ಎದೆ ಮೇಲಿನ ಪದಕದ ಚಿಂತೆ ಯಾಕಯ್ಯಾ ಅಂದ್ರು. ನ್ಯಾಯವಾದ ಮಾತೇ. ಆದರೂ ಸ್ವಲ್ಪ ಕೇಳಿ.

ಸ್ಕಾಲರ್‌ಶಿಪ್ ಅರ್ಜಿಗೆ ಒಂದು ರುಜು ಹಾಕಿಸ್ಕೊಳ್ಳೋಕೆ ನೀವೆಲ್ಲ ಎಷ್ಟು ಸಲ ತಿರುಗಿದ್ದೀರಿ? ನೀವು ಬಡವರು ಅನ್ನೋದು ನಿಮ್ಮ ಅಂಗಿಯಲ್ಲೇ ಕಾಣುತ್ತೆ. ಆದ್ರೆ ಸಾಹೇಬರ ರುಜು ಬೀಳೋ ತನಕ ನೀವು ಬಡವರಲ್ಲ. ಯುದ್ಧಭೂಮಿಯ ಶೌರ್ಯವೂ ಹೀಗೇನೇ. ಸೈನಿಕ ತನಗೆ ತಾನೇ ಪದಕ ಕೇಳೋ ಹಾಗಿಲ್ಲ. ಮೇಲಧಿಕಾರಿ ಶಿಫಾರಸು ಬರೀಬೇಕು. ಕಣ್ಣಾರೆ ಕಂಡವರು ಹೇಳಿಕೆ ಕೊಡಬೇಕು. ಆ ಕಾಗದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗಬೇಕು. ಯಾವ ಮೆಟ್ಟಿಲಲ್ಲಿ ಬೇಕಾದರೂ ಅದನ್ನ ತಡೀಬಹುದು, ದೊಡ್ಡ ಪದಕವನ್ನ ಸಣ್ಣ ಪದಕ ಮಾಡಬಹುದು. ಗುಂಡಿಗೆ ಎದೆ ಕೊಟ್ಟವನು ಒಬ್ಬ, ರುಜು ಹಾಕೋನು ಇನ್ನೊಬ್ಬ.

ಈಗ ಒಂದು ಲೆಕ್ಕ ನೋಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪು ಜನ ಸೇವೆ ಮಾಡಿದರು. ಆ ದೇಶದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್. ಆ ಯುದ್ಧಕ್ಕಾಗಿ ಅದನ್ನ ನಾನೂರಕ್ಕೂ ಹೆಚ್ಚು ಮಂದಿಗೆ ಕೊಟ್ಟರು. ಅದರಲ್ಲಿ ಕಪ್ಪು ಸೈನಿಕರೆಷ್ಟು? ಸೊನ್ನೆ. ಒಬ್ಬನೂ ಇಲ್ಲ. ಐವತ್ತು ವರ್ಷ ಆ ಸೊನ್ನೆ ಹಾಗೇ ಕೂತಿತ್ತು.

ವರ್ನನ್ ಬೇಕರ್ ಅಂತ ಒಬ್ಬ. 1919ರಲ್ಲಿ ವಯೋಮಿಂಗ್ ರಾಜ್ಯದ ಶೆಯೆನ್ ಊರಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಸಣ್ಣವನಿದ್ದಾಗಲೇ ತೀರಿಕೊಂಡರು, ಅಜ್ಜ ಅಜ್ಜಿ ಸಾಕಿದರು. ರೈಲಿನಲ್ಲಿ ಪೋರ್ಟರ್ ಕೆಲಸ ಮಾಡಿದ. ಸೈನ್ಯಕ್ಕೆ ಸೇರೋಕೆ ಹೋದಾಗ ಮೊದಲ ಸಲ ನಿಮ್ಮವರಿಗೆ ಜಾಗ ಇಲ್ಲ ಅಂತ ವಾಪಸ್ ಕಳಿಸಿದರು. ಮತ್ತೆ ಹೋದ. 1941ರಲ್ಲಿ ತಗೊಂಡರು. ಕಪ್ಪು ಸೈನಿಕರಿಗೇ ಬೇರೆ ಪಡೆ, ಬೇರೆ ಬಿಡಾರ, ಅವರ ಮೇಲೆ ಬಿಳಿಯ ಅಧಿಕಾರಿಗಳು. ಕೇರಿ ಬೇರೆ, ಊರು ಬೇರೆ ಅನ್ನೋದು ನಮಗೆ ಹೊಸದಲ್ಲವಲ್ಲ!

1945ರ ಏಪ್ರಿಲ್ 5. ಇಟಲಿಯ ವಿಯಾರೆಜ್ಜೊ ಬಳಿ ಅಘಿನೋಲ್ಫಿ ಅನ್ನೋ ಬೆಟ್ಟದ ಕೋಟೆ. ಜರ್ಮನ್ನರು ಅದನ್ನ ಹಿಡಿದು ಕೂತಿದ್ದರು. ಬೇಕರನಿಗೆ ಆಗ ಇಪ್ಪತ್ತೈದು ವರ್ಷ, ಸೆಕೆಂಡ್ ಲೆಫ್ಟಿನೆಂಟ್, ಜೊತೆಗೆ ಇಪ್ಪತ್ತೈದು ಜನ. ಬಂಡೆಯ ಸೀಳಿನಿಂದ ಹೊರಗೆ ಇಣುಕ್ತಿದ್ದ ದೂರದರ್ಶಕ ಕಂಡು ಅಲ್ಲಿದ್ದ ಇಬ್ಬರನ್ನ ಹೊಡೆದ. ಮರೆಯಲ್ಲಿದ್ದ ಮೆಷಿನ್‌ಗನ್ ನೆಲೆಗೆ ನುಗ್ಗಿದ. ಒಬ್ಬನೇ ಇಳಿದುಹೋಗಿ ನೆಲದೊಳಗಿನ ಅಡಗುದಾಣವನ್ನ ಗ್ರೆನೇಡಿನಿಂದ ಒಡೆದ. ಬಿಳಿಯ ಕ್ಯಾಪ್ಟನ್ ಏನು ಮಾಡಿದ? ಸಹಾಯಕ್ಕೆ ಜನ ಕಳಿಸ್ತೀನಿ ಅಂತ ಹೇಳಿ ಹಿಂದಕ್ಕೆ ಹೋದ. ಜನ ಬರಲೇ ಇಲ್ಲ. ಇಪ್ಪತ್ತೈದರಲ್ಲಿ ಹತ್ತೊಂಬತ್ತು ಮಂದಿ ಸತ್ತರು. ಬೇಕರ್ ಸತ್ತವರ ಕೊರಳಿನ ಹೆಸರಿನ ಬಿಲ್ಲೆಗಳನ್ನ ಬಿಚ್ಚಿಕೊಂಡು ಉಳಿದವರ ಜೊತೆ ಇಳಿದು ಬಂದ. ಆ ಬಿಲ್ಲೆಗಳನ್ನ ತಂದುಕೊಟ್ಟಾಗ ಮೇಲಧಿಕಾರಿ ಬೈದದ್ದು ಯಾಕೆ ಗೊತ್ತೆ? ತಲೆಗೆ ಕಬ್ಬಿಣದ ಟೋಪಿ ಹಾಕಿಲ್ಲ ಅಂತ! ಮರುರಾತ್ರಿಯೇ ಬೇಕರ್ ತಾನಾಗಿ ಮುಂದೆ ಬಂದು ನೆಲಬಾಂಬಿನ ಹಾದೀಲಿ ಪಡೆಯನ್ನ ಮುನ್ನಡೆಸಿದ.

ಅವನಿಗೆ ಕೊಟ್ಟದ್ದು ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್, ಅಂದ್ರೆ ಎರಡನೇ ಪದಕ. ಮೊದಲನೇದರ ಬಾಗಿಲು ಮುಚ್ಚಿತ್ತು.

1993ರಲ್ಲಿ ಅಮೆರಿಕದ ಸೈನ್ಯ ಈ ಸೊನ್ನೆಯ ಕಾರಣ ಹುಡುಕೋ ಕೆಲಸವನ್ನ ಶಾ ವಿಶ್ವವಿದ್ಯಾಲಯಕ್ಕೆ ವಹಿಸಿತು. ಕಪ್ಪು ಜನರಿಗಾಗಿ ಹುಟ್ಟಿದ ವಿದ್ಯಾಸಂಸ್ಥೆ ಅದು. ಕಡತ ತೆಗೆದು ನೋಡಿದರೆ ಶಿಫಾರಸಿನ ಕಾಗದಗಳೇ ಇಲ್ಲ. ವರ್ಣಭೇದದಲ್ಲಿ ಮುಳುಗಿದ್ದ ಸೈನ್ಯದ ವಾತಾವರಣವೇ ಇದಕ್ಕೆ ಕಾರಣ ಅಂತ ಆ ಅಧ್ಯಯನ ತೋರಿಸಿತು. 1997ರ ಜನವರಿ 13ರಂದು ಏಳು ಜನಕ್ಕೆ ಮೆಡಲ್ ಆಫ್ ಆನರ್ ಬಂತು. ಏಳರಲ್ಲಿ ಜೀವಂತ ಇದ್ದವನು ಬೇಕರ್ ಒಬ್ಬನೇ. ಆಗ ಅವನಿಗೆ ಎಪ್ಪತ್ತೇಳು. ಜಾನ್ ಫಾಕ್ಸ್, ಶತ್ರುಗಳು ಸುತ್ತುವರಿದಾಗ ತಾನಿದ್ದ ಜಾಗಕ್ಕೇ ಫಿರಂಗಿ ಹೊಡೀರಿ ಅಂತ ಹೇಳಿ ಸತ್ತವನು. ಜಾರ್ಜ್ ವಾಟ್ಸನ್, ಮುಳುಗೋ ಹಡಗಿನಿಂದ ಈಜು ಬಾರದವರನ್ನ ಜೀವರಕ್ಷಕ ತೆಪ್ಪಕ್ಕೆ ದಾಟಿಸಿ ತಾನು ಮುಳುಗಿದವನು. ಅವನ ಪದಕ ಈಸ್ಕೊಳ್ಳೋಕೆ ವಾರಸುದಾರರೇ ಸಿಗಲಿಲ್ಲ.

ಇದು ಒಂದೇ ಯುದ್ಧದ ಕಥೆ ಅಲ್ಲ. ಗುಲಾಮನಾಗಿ ಹುಟ್ಟಿದ ವಿಲಿಯಂ ಕಾರ್ನಿ 1863ರಲ್ಲಿ ಮೈತುಂಬ ಗಾಯ ಆದರೂ ಬಾವುಟ ನೆಲಕ್ಕೆ ಬೀಳಿಸಲಿಲ್ಲ. ಪದಕ 1900ರಲ್ಲಿ. ಫ್ರೆಡ್ಡಿ ಸ್ಟೋವರ್ಸ್, ನಾಯಕರು ಉರುಳಿದ ಮೇಲೆ ತಾನೇ ಪಡೆ ನಡೆಸಿ 1918ರಲ್ಲಿ ಸತ್ತ. ಪದಕ 1991ರಲ್ಲಿ. ಹೆನ್ರಿ ಜಾನ್ಸನ್‌ಗೆ ಅದೇ 1918ರ ಸಾಹಸಕ್ಕೆ ಫ್ರಾನ್ಸ್ ದೇಶ ಆಗಲೇ ಪದಕ ಕೊಟ್ಟಿತು. ಸ್ವಂತ ದೇಶ 2015ರಲ್ಲಿ ಕೊಟ್ಟಿತು. ಅವನು ಸತ್ತು ಎಂಬತ್ತಾರು ವರ್ಷ ಆಗಿತ್ತು.

ಅಮೆರಿಕದ ಕಥೆ ನಮಗ್ಯಾಕೆ ಅನ್ನಬೇಡಿ. ಬಾಬಾಸಾಹೇಬರು 1946ರಲ್ಲೇ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ಕೋರೆಗಾಂವ್ ಸ್ತಂಭದ ಮೇಲೆ 1818ರಲ್ಲಿ ಮಡಿದ ಮಹಾರ್ ಸೈನಿಕರ ಹೆಸರುಗಳಿವೆ. ಅಷ್ಟಾದರೂ 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನ ಯುದ್ಧಕ್ಕೆ ಯೋಗ್ಯ ಜಾತಿ ಅಲ್ಲ ಅಂತ ಸೈನ್ಯದ ಬಾಗಿಲಿಂದ ಹೊರಹಾಕಿದರು. ಅರ್ಜಿ ಬರೆದೂ ಬರೆದೂ, 1941ರಲ್ಲಿ ಮಹಾರ್ ರೆಜಿಮೆಂಟ್ ಆಯಿತು. ಅದರ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ.

ಯುದ್ಧ ಒಳ್ಳೇದು ಅಂತ ಹೇಳೋಕೆ ನಾನು ಬಂದಿಲ್ಲ. ಬೇಕರ್ ನುಗ್ಗಿದ ಆ ಮೆಷಿನ್‌ಗನ್ ನೆಲೆಯಲ್ಲಿದ್ದ ಇಬ್ಬರು ಆ ಹೊತ್ತಿನಲ್ಲಿ ತಿಂಡಿ ತಿನ್ನುತ್ತಿದ್ದರು. ಅವರೂ ಯಾರದೋ ಮಕ್ಕಳೇ. ಪದಕ ಸಿಕ್ಕಿದ್ದಕ್ಕೆ ಕಪ್ಪು ಜನರ ಮೇಲಿನ ಅನ್ಯಾಯ ನಿಂತೂ ಹೋಗಲಿಲ್ಲ. ಆದ್ರೆ ಧೈರ್ಯ ಯಾರಿಗಿದೆ, ನಾಯಕತ್ವ ಯಾರಿಗೆ ಬರುತ್ತೆ ಅಂತ ತೀರ್ಮಾನ ಮಾಡೋ ಕಾಗದದಿಂದಲೇ ಒಂದು ಜನಾಂಗವನ್ನ ಅಳಿಸಿಬಿಟ್ಟರೆ, ಆಮೇಲೆ ಇವರಿಗೆ ಚರಿತ್ರೆಯೇ ಇಲ್ಲ ಅನ್ನೋದು ಸುಲಭ ಆಗುತ್ತೆ. ಆ ಏಳು ಹೆಸರು ಉಳಿದದ್ದು ಹೇಗೆ? ಜೊತೆಗಿದ್ದವರು, ಹೆಂಡತಿ ಮಕ್ಕಳು, ಓದಿದ ಕಪ್ಪು ಜನ ಕಾಗದ ಕೂಡಿಟ್ಟರು, ಕೇಳಿದರು, ಬಿಡಲಿಲ್ಲ.

ಹಾಗಾಗಿ ಒಂದು ಕೆಲಸ ಹೇಳ್ತೀನಿ. ಈ ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ನಿಮ್ಮ ಕೇರಿಯಿಂದ ಸೈನ್ಯಕ್ಕೆ ಹೋದವರು ಯಾರಿದ್ದರು, ಬಾವಿಯ ನೀರಿಗಾಗಿ ಏಟು ತಿಂದವರು ಯಾರು, ಗೌಡನ ಮನೆ ಮುಂದೆ ಚಪ್ಪಲಿ ಬಿಡದೆ ನಡೆದವರು ಯಾರು, ಕೇಳಿ. ಹೆಸರು ಬರೀರಿ. ಇಸವಿ ಬರೀರಿ. ಕಂಡವರ ಹೆಸರೂ ಬರೀರಿ. ಕೆಳಗೆ ನಿಮ್ಮ ರುಜು ಹಾಕಿ.

ಜೈ ಭೀಮ್.