ಸಂಘದ ಮೂರು ಮೆಟ್ಟಿಲು

(ರಜತ ಮಹೋತ್ಸವ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ಗೊಬ್ಬರ ಹಂಚಿತು ಎಂಬುದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ನಮ್ಮ ಕಚೇರಿಯ ಮೂರು ಮೆಟ್ಟಿಲಿನ ವಿಚಾರ ಮಾತ್ರ ಹೇಳುತ್ತೇವೆ.

ನಮ್ಮ ಸದಸ್ಯರೊಬ್ಬರಿಗೆ ಟ್ರ್ಯಾಕ್ಟರ್ ಮಗುಚಿ ಮೊಣಕಾಲಿನ ಕೆಳಗೆ ಒಂದು ಕಾಲು ಹೋಯಿತು. ಸಾಲದ ಕಾಗದಕ್ಕೆ ಸಹಿ ಬೇಕಾದಾಗಲೆಲ್ಲ ನಾವೇ ಪುಸ್ತಕ ಹೊರಗೆ ತಂದು, ಜಗಲಿ ಮೇಲೆ ಕೂರಿಸಿ ಹಾಕಿಸಿಕೊಂಡೆವು. ಉಪಕಾರ ಮಾಡಿದೆವೆಂದೇ ನಮ್ಮ ಎಣಿಕೆ. ಮಹಾಸಭೆಗೆ ಯಾಕೆ ಬರುತ್ತಿಲ್ಲ ಅಂತ ಕೇಳಿದಾಗ ಅವರು, "ಷೇರು ದುಡ್ಡು ಕಟ್ಟಿಸ್ಕೊಳ್ಳೋವಾಗ ಒಳಗೆ ಕರೆದಿದ್ರಿ. ಈಗ ಎಲ್ಲಾ ಹೊರಗೇ ಮುಗಿಸಿ ಕಳಿಸ್ತೀರಲ್ಲಪ್ಪ" ಅಂದರು. ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಅವರಿಗೆ ಮೊದಲು ಸಿಕ್ಕಿದ್ದು ಬೂಟಿನೊಳಗೆ ಇಡುವಂಥ ಕೃತಕ ಕಾಲು. ಬೂಟು ಹಾಕಿಕೊಂಡು ಗದ್ದೆ ಕೆಸರಿಗೆ ಇಳಿಯೋದುಂಟೆ? ಅದು ಅಟ್ಟ ಸೇರಿತು. ಆಮೇಲೆ ಜೈಪುರ ಕಾಲು ಹಾಕಿಸಿಕೊಂಡರು. 1968ರ ಸುಮಾರಿಗೆ ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರೂಪಿಸಿದ ಕಾಲು ಅದು. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮಾ ಹೆಚ್ಚು ಓದಿದವರಲ್ಲ, ಆದರೆ ನಮ್ಮ ಜನ ನೆಲದ ಮೇಲೆ ಹೇಗೆ ಕೂರುತ್ತಾರೆ ಅನ್ನೋದು ಅವರ ಕೈಗೆ ಗೊತ್ತಿತ್ತು. ಪಾದ ರಬ್ಬರಿನದು, ನೀರಿಗೆ ಹೆದರುವುದಿಲ್ಲ. ಬರಿಗಾಲಿನಂತೆ ನಡೆಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣಬಹುದು. ಇದನ್ನು ಉಚಿತವಾಗಿ ಹಾಕಿಸಲೆಂದೇ 1975ರಲ್ಲಿ ಜೈಪುರದಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಹುಟ್ಟಿತು. ನಮ್ಮ ಸದಸ್ಯರು ಈಗ ಬದುವಿನ ಮೇಲೆ ನಡೆದುಕೊಂಡೇ ನೀರು ಕಟ್ಟುತ್ತಾರೆ.

ಎಲ್ಲದಕ್ಕೂ ಜೈಪುರಕ್ಕೇ ಹೋಗಬೇಕಿಲ್ಲ. ಹಿಡಿತ ಕಡಿಮೆಯಾದ ಕೈಗೆ ಕುಡುಗೋಲಿನ ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದರೆ ಜಾರುವುದಿಲ್ಲ. ಊರುಗೋಲು ಕೆಸರಲ್ಲಿ ಹೂಳದಂತೆ ತುದಿಗೆ ಅಗಲವಾದ ಬಿಲ್ಲೆ ಹಾಕಿಸಬಹುದು. ಕುಕ್ಕರಿಸಿ ಕಳೆ ಕೀಳಲಾಗದವರಿಗೆ ನಿಂತೇ ತಳ್ಳುವ ಸೈಕಲ್ ಕುಂಟೆ ಇದೆ. ಕಣ್ಣು ಕಾಣದವರಿಗೆ ಮನೆಯಿಂದ ಕೊಟ್ಟಿಗೆವರೆಗೆ ಒಂದು ಹಗ್ಗ ಕಟ್ಟಿಕೊಟ್ಟರೆ ಹಾಲು ಕರೆಯಲು ಇನ್ನೊಬ್ಬರ ಕೈ ಹಿಡಿಯಬೇಕಾಗಿಲ್ಲ. ರಾತ್ರಿ ಕರೆಂಟು ಬಂದಾಗ ಮೊಬೈಲಿನಿಂದಲೇ ಮೋಟಾರು ಹಾಕುವ ಸ್ಟಾರ್ಟರಂತೂ ಎರಡು ಕಾಲೂ ಗಟ್ಟಿ ಇರುವ ನಮಗೇ ಬೇಕಾಗಿದೆ!

ಒಂದು ಮಾತು ಕಟುವಾಗಿಯೇ ಹೇಳುತ್ತೇವೆ. ಒಕ್ಕಣೆ ಮಿಷನ್ನಿಗೆ ಕೈ ಕೊಟ್ಟವರು ದೇಶದಲ್ಲಿ ಎಷ್ಟೋ ಜನ. ಅದಕ್ಕೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂತು. ಬೆಳೆ ಒಳಗೆ ತಳ್ಳುವ ಬಾಯಿಗೆ ಉದ್ದನೆಯ ತಗಡಿನ ದೋಣಿ ಇರುವುದು ಕೈ ಹಲ್ಲಿಗೆ ಎಟುಕದಿರಲಿ ಅಂತ. ಬೇಗ ಆಗಲಿ ಎಂದು ಅದನ್ನು ಬಿಚ್ಚಿಡುವವರಿಗೆ ಸಂಘದ ಮಿಷನ್ ಬಾಡಿಗೆಗೆ ಕೊಡುವುದಿಲ್ಲ.

ಅಂಗವಿಕಲರ ಹಕ್ಕುಗಳಿಗೆ 2016ರ ಕಾಯಿದೆ ಇದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೆ, ಸರಕಾರದ ಯೋಜನೆಗಳಲ್ಲಿ ಹಂಚುವ ಕೃಷಿ ಭೂಮಿ ಹಾಗೂ ಮನೆಗಳಲ್ಲಿ ಶೇಕಡಾ 5ರ ಮೀಸಲಾತಿ ಇದೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ. ಪ್ರಮಾಣಪತ್ರ ಮಾಡಿಸಿಕೊಳ್ಳದವರು ನಮ್ಮ ಕಚೇರಿಗೆ ಬನ್ನಿ, ಅರ್ಜಿ ನಾವು ಬರೆದುಕೊಡುತ್ತೇವೆ.

'ಬನ್ನಿ' ಅಂದೆವು, ಬರೋದು ಹೇಗೆ? ಮೇಸ್ತ್ರಿಯನ್ನು ಕರೆಸಿ ಅಳೆಸಿದ್ದೇವೆ. ಮೂರು ಮೆಟ್ಟಿಲು ಸೇರಿ ಎತ್ತರ ಒಂದೂವರೆ ಅಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ಲೆಕ್ಕ. ಅಂದರೆ ಹದಿನೆಂಟು ಅಡಿ ಇಳಿಜಾರು, ಎರಡೂ ಕಡೆ ಹಿಡಿಕಂಬಿ. ಎಡಗಡೆ ಗೊಬ್ಬರದ ಮೂಟೆ ಇಳಿಸುವ ಜಾಗದಲ್ಲಿ ಅದು ಕೂರುತ್ತದೆ. ಹಮಾಲರಿಗೂ ಅನುಕೂಲ. ರಜತ ಮಹೋತ್ಸವದ ನೆನಪಿಗೆ ಬಾಗಿಲಲ್ಲಿ ಸಿಮೆಂಟ್ ಕಮಾನು ಕಟ್ಟಲು ತೆಗೆದಿಟ್ಟ ಹಣ ಇದಕ್ಕೆ ಸಾಕು. ಕಮಾನು ಬಿಟ್ಟು ಇದನ್ನು ಕಟ್ಟಲು ಮಹಾಸಭೆ ಇವತ್ತೇ ಕೈ ಎತ್ತಿ ಒಪ್ಪಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಆ ಸದಸ್ಯರು ಕೊನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಓಟೂ ಲೆಕ್ಕಕ್ಕೆ ಬರಲಿ.