ಮಕ್ಕಳ ಕಣ್ಣು ನಮ್ಮ ಮೇಲಿದೆ

(ತೋಟದ ಲೈನ್ ಮನೆಗಳ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಹಗಲೆಲ್ಲಾ ದುಡಿದು ದಣಿದು ಬಂದಿದ್ದೀರಿ. ಉದ್ದ ಮಾತಾಡಿ ನಿಮ್ಮ ನಿದ್ದೆ ಕೆಡಿಸುವುದಿಲ್ಲ. ಮಕ್ಕಳ ಒಂದು ಆಟದ ಕಥೆ ಹೇಳಿ, ಅದರಿಂದ ನಾವು ಕಲಿತದ್ದನ್ನು ನಿಮ್ಮ ಮುಂದಿಟ್ಟು ಕೂತುಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಏರ್ಕಾಡು ಬೆಟ್ಟದ ಒಂದು ತೋಟದಲ್ಲಿ ಕಾಫಿ ಹಣ್ಣಿನ ಕೊಯ್ಲು ನಡೆದಿತ್ತು. ಸಂಜೆ ತೂಕದ ಹೊತ್ತು. ತೂಗುವವನು ಚೀಲವನ್ನು ಕಾಟಾಕ್ಕೆ ಸಿಕ್ಕಿಸಿ, ಮುಳ್ಳು ನಿಲ್ಲುವ ಮೊದಲೇ ಒಂದು ಅಂಕಿ ಕೂಗುತ್ತಿದ್ದ. ರೈಟರು ಬರೆದುಕೊಳ್ಳುತ್ತಿದ್ದರು. ಚೀಲದ ತೂಕವೆಂದು ಒಂದಿಷ್ಟು, ಎಲೆಕಡ್ಡಿಯೆಂದು ಒಂದಿಷ್ಟು, ತೇವವೆಂದು ಒಂದಿಷ್ಟು ಕಳೆಯುತ್ತಿದ್ದರು. ಕಳೆದದ್ದೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ನಾವೂ ಕೇಳಲಿಲ್ಲ. ಸಂಘದ ಚಂದಾ ಪುಸ್ತಕ ನಮ್ಮ ಜೇಬಿನಲ್ಲೇ ಇತ್ತು, ಆದರೂ ಕೇಳಲಿಲ್ಲ. ಶಾಲೆ ಬಿಟ್ಟು ಬಂದ ಮಕ್ಕಳು ಅಮ್ಮಂದಿರಿಗಾಗಿ ಕಾಯುತ್ತಾ ಅಲ್ಲೇ ಸುತ್ತ ನಿಂತು ನೋಡುತ್ತಿದ್ದರು.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಬರುವಾಗ, ಲೈನ್ ಮನೆಗಳ ಹಿಂದೆ ಸಿಲ್ವರ್ ಮರದ ಕೆಳಗೆ ಮಕ್ಕಳು ಆಡುತ್ತಿದ್ದರು. ಕೊಂಬೆಗೆ ಹಗ್ಗ ಕಟ್ಟಿ ಕಾಟಾ ಮಾಡಿದ್ದರು. ಆರು ವರ್ಷದ ಒಂದು ಹುಡುಗಿ ಹಳೇ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ತಂದಳು. ತೂಗುವ ಹುಡುಗ ಗಂಟನ್ನು ನೋಡಲೇ ಇಲ್ಲ. “ಹನ್ನೆರಡು!” ಎಂದು ಕೂಗಿದ. ಹುಡುಗಿ ತಲೆ ತಗ್ಗಿಸಿ, ಎರಡೂ ಕೈ ಎದೆಗೆ ಕಟ್ಟಿಕೊಂಡು, “ಸರಿ ಅಯ್ಯಾ” ಎಂದಳು.

ತೂಗುವವನಾಗಿದ್ದ ಹುಡುಗ ನಮ್ಮ ಮನೆಯವನೇ. ಕದಿಯಬಾರದು, ಸುಳ್ಳು ಹೇಳಬಾರದು, ಯಾರಿಗೂ ಅಂಜಬಾರದು ಎಂದು ಭಾನುವಾರದ ಪಾಠದಲ್ಲಿ ಅವನಿಗೆ ಕಲಿಸಿದವರು ನಾವೇ. ‘ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ’ ಎಂಬ ಗಾದೆ ಅಂದು ನಮಗೇ ಹೇಳಿದಂತಾಯಿತು. ನಮ್ಮ ಬಾಯಿಯ ಪಾಠ ಗಾಳಿಗೆ ಹೋಯಿತು. ಕಾಟಾದ ಬುಡದಲ್ಲಿ ನಾವು ನಿಂತ ರೀತಿ ಮಕ್ಕಳ ಮೈಗೆ ಇಳಿಯಿತು.

ಪ್ರಿಯರೇ, ಇದನ್ನು ಪರೀಕ್ಷೆ ಮಾಡಿ ತೋರಿಸಿದ ಒಬ್ಬ ವಿದ್ವಾಂಸರಿದ್ದರು. ಅವರ ಹೆಸರು ಆಲ್ಬರ್ಟ್ ಬಂಡೂರ. 1925ರಲ್ಲಿ ಕೆನಡಾದ ಒಂದು ಸಣ್ಣ ಊರಲ್ಲಿ ಹುಟ್ಟಿದರು. ತಂದೆ ರೈಲು ಹಳಿ ಹಾಕುವ ಕೆಲಸ ಮಾಡಿದವರು. ಮಗ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 2021ರಲ್ಲಿ ತೀರಿಕೊಂಡರು.

1961ರಲ್ಲಿ ಅವರೂ ಅವರ ಜೊತೆಗಾರರೂ ಪ್ರಕಟಿಸಿದ ಪರೀಕ್ಷೆಯಲ್ಲಿ 72 ಪುಟ್ಟ ಮಕ್ಕಳಿದ್ದರು. ನಮ್ಮ ತಂಜಾವೂರು ಗೊಂಬೆಯನ್ನು ತಳ್ಳಿದರೆ ಬಿದ್ದು ಮತ್ತೆ ಏಳುತ್ತದಲ್ಲ, ಹಾಗೆ ಏಳುವ ದೊಡ್ಡ ಗಾಳಿ ಗೊಂಬೆ ತಂದರು. ಕೆಲವು ಮಕ್ಕಳ ಎದುರಿಗೆ ದೊಡ್ಡವರೊಬ್ಬರು ಆ ಗೊಂಬೆಯನ್ನು ಗುದ್ದಿದರು, ಮರದ ಸುತ್ತಿಗೆಯಿಂದ ಹೊಡೆದರು, ಬೈದರು. ಇನ್ನು ಕೆಲವು ಮಕ್ಕಳ ಎದುರಿಗೆ ದೊಡ್ಡವರು ಶಾಂತವಾಗಿ ಬೇರೆ ಆಟ ಆಡಿದರು. ಉಳಿದ ಮಕ್ಕಳಿಗೆ ಯಾರನ್ನೂ ತೋರಿಸಲಿಲ್ಲ. ಆಮೇಲೆ ಮಕ್ಕಳನ್ನು ಗೊಂಬೆಯಿದ್ದ ಕೋಣೆಗೆ ಬಿಟ್ಟರು. ಹೊಡೆತ ನೋಡಿದ್ದ ಮಕ್ಕಳಲ್ಲಿ ಅನೇಕರು ಅದೇ ರೀತಿ ಹೊಡೆದರು. ಅದೇ ಬೈಗುಳವನ್ನೂ ಬೈದರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

1965ರ ಇನ್ನೊಂದು ಪರೀಕ್ಷೆ ನಮಗೆ ಇನ್ನೂ ಮುಖ್ಯ. ಅದರಲ್ಲಿ ಮಕ್ಕಳಿಗೆ ಚಿತ್ರ ತೋರಿಸಿದರು. ಒಂದು ಗುಂಪು ನೋಡಿದ ಚಿತ್ರದಲ್ಲಿ ಹೊಡೆದವನಿಗೆ ಕೊನೆಗೆ ಹೊಗಳಿಕೆ, ತಿಂಡಿ ಸಿಕ್ಕಿತು. ಇನ್ನೊಂದು ಗುಂಪಿನದರಲ್ಲಿ ಅವನಿಗೆ ಶಿಕ್ಷೆಯಾಯಿತು. ಮೂರನೆಯದರಲ್ಲಿ ಏನೂ ಆಗಲಿಲ್ಲ. ಶಿಕ್ಷೆ ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ “ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ” ಎಂದಾಗ ಮೂರು ಗುಂಪಿನವರೂ ಹೆಚ್ಚುಕಡಿಮೆ ಒಂದೇ ಸಮ ಮಾಡಿ ತೋರಿಸಿದರು!

ಇದರ ಅರ್ಥವೇನು? ಮಗು ಎರಡು ಸಂಗತಿ ನೋಡುತ್ತದೆ. ಒಂದು, ದೊಡ್ಡವರು ಏನು ಮಾಡಿದರು. ಎರಡು, ಮಾಡಿದವರ ಗತಿ ಏನಾಯಿತು. ಮೊದಲನೆಯದನ್ನು ಕಲಿತು ಒಳಗೆ ಇಟ್ಟುಕೊಳ್ಳುತ್ತದೆ. ಎರಡನೆಯದನ್ನು ನೋಡಿ, ಹೊರಗೆ ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ.

ನಮ್ಮ ಒಳ್ಳೆಯದೂ ಹೀಗೇ ಬಂದಿದೆ. 1820ರ ದಶಕದಲ್ಲಿ ಸೇಲಂ ಕಲೆಕ್ಟರಾಗಿದ್ದ ಕಾಕ್‌ಬರ್ನ್ ಎಂಬವರು ಈ ಬೆಟ್ಟಕ್ಕೆ ಕಾಫಿ ತಂದರು. ಅಂದಿನಿಂದ ಹಣ್ಣು ಬಿಡಿಸುವುದನ್ನು ನಮಗೆ ಯಾವ ಶಾಲೆ ಕಲಿಸಿತು? ಕಾಯಿ ಬಿಟ್ಟು ಕೆಂಪಾದದ್ದನ್ನೇ ಕೀಳುವುದು, ಮುಂದಿನ ವರ್ಷದ ಹೂವಿನ ಗಿಣ್ಣು ಮುರಿಯದಂತೆ ಬೆರಳಾಡಿಸುವುದು, ಇವನ್ನೆಲ್ಲ ಅಮ್ಮನ ಕೈ ನೋಡಿ ಮಗಳು ಕಲಿತಳು. ಆದರೆ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುವುದನ್ನೂ ಅದೇ ಕಣ್ಣು ನೋಡುತ್ತದೆ. ಮರುದಿನ ಯಾರೂ ಏನೂ ಕೇಳದೆ ಅವನಿಗೇ ಮೊದಲು ಚಹಾ ಕೊಡುವುದನ್ನೂ ನೋಡುತ್ತದೆ. ಹೊಡೆತಕ್ಕಿಂತ ಆ ಚಹಾ ದೊಡ್ಡ ಪಾಠ, ಅಣ್ಣಂದಿರೇ.

ಈಗ ಕಾಟಾದ ಕಥೆಗೆ ಬರೋಣ. ಆ ಆಟ ನೋಡಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆದರೂ ಮೊದಲು ಬಾಯಿ ತೆರೆದವರು ನಾವಲ್ಲ. ಅದೇ ವಾರ ಒಬ್ಬ ಅಕ್ಕ. ಅವರು ಚೀಲ ಕೊಟ್ಟು, “ಮುಳ್ಳು ನಿಲ್ಲಲಿ ಅಯ್ಯಾ, ನಾನೂ ನೋಡುತ್ತೇನೆ” ಎಂದರು. ಎಲ್ಲರ ಉಸಿರು ನಿಂತಿತು. ತೂಗುವವನು ಗೊಣಗಿದ. ಮುಳ್ಳು ನಿಂತಿತು. ಮೂರು ಕಿಲೋ ಹೆಚ್ಚಾಗಿತ್ತು.

ಮರುದಿನ ಆ ಅಕ್ಕನನ್ನು ಮೇಸ್ತ್ರಿ ಹಣ್ಣು ಕಡಿಮೆಯಿದ್ದ ಮೇಲಿನ ಇಳಿಜಾರಿಗೆ ಒಬ್ಬರನ್ನೇ ಕಳಿಸಿದರು. ನೋಡಿ, ಬಂಡೂರರ ಚಿತ್ರದ ಕೊನೆ ಇಲ್ಲೇ ಇತ್ತು. ಅಕ್ಕ ಒಬ್ಬರೇ ಹೋಗಿದ್ದರೆ ಇಡೀ ಲೈನು ಕಲಿಯುತ್ತಿದ್ದ ಪಾಠ ಒಂದೇ: ‘ಕೇಳಿದವಳು ಕೆಟ್ಟಳು.’ ಆಗ ಪಕ್ಕದ ಮನೆಯ ಇಬ್ಬರು ಹೆಂಗಸರು ಚೀಲ ಹೆಗಲಿಗೆ ಹಾಕಿ, “ನಾವೂ ಅಲ್ಲಿಗೇ ಹೋಗುತ್ತೇವೆ” ಎಂದರು. ಆಮೇಲೆ ನಾಲ್ವರು. ಕೊನೆಗೆ ನಮಗೂ ನಾಚಿಕೆಯಾಗಿ, ಸಂಘದ ಹೆಸರಿನಲ್ಲಿ ನಾವು ರೈಟರ ಬಳಿ ಹೋಗಿ ಮಾತಾಡಿದೆವು. ಆ ವಾರದ ಕೊನೆಗೆ ಅಕ್ಕ ಹಳೇ ಸಾಲಿಗೆ ಬಂದರು. ಮುಳ್ಳು ನಿಂತ ಮೇಲೆ ಅಂಕಿ ಹೇಳುವುದು ರೂಢಿಯಾಯಿತು.

ಇನ್ನೊಂದು ಭಾನುವಾರ ಮಕ್ಕಳ ಆಟ ನೋಡಲು ಬೇಕೆಂದೇ ಹೋದೆವು. ಅದೇ ಹಗ್ಗ, ಅದೇ ಗಂಟು. “ಹನ್ನೆರಡು!” ಎಂದ ಹುಡುಗ. ಪುಟ್ಟಿ ತಲೆ ಎತ್ತಿ, “ಮುಳ್ಳು ನಿಲ್ಲಲಿ ಅಯ್ಯಾ” ಎಂದಳು. ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

ಇದು ಒಂದು ತೋಟದ ಮಾತು ಮಾತ್ರವಲ್ಲ. 1989ರಲ್ಲಿ ಅಂದಿನ ಧರ್ಮಪುರಿ ಜಿಲ್ಲೆಯಲ್ಲಿ ಸರಕಾರ ಹೆಂಗಸರ ಸ್ವಸಹಾಯ ಗುಂಪುಗಳನ್ನು ಶುರುಮಾಡಿತು. ಕೃಷ್ಣಗಿರಿ, ಹೊಸೂರು ಆಗ ಅದೇ ಜಿಲ್ಲೆಯಲ್ಲಿದ್ದವು. ಆಮೇಲೆ ಅದು ಸೇಲಂಗೂ, ಮುಂದೆ ರಾಜ್ಯಕ್ಕೆಲ್ಲಾ ಹಬ್ಬಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವಳ ಭಯ ಬರೀ ಭಾಷಣದಿಂದ ಹೋಗುವುದಿಲ್ಲ. ತನ್ನಂಥವಳೇ ಹತ್ತಿ, ಸಹಿ ಹಾಕಿ, ಹಣ ಹಿಡಿದು ಸುಖವಾಗಿ ಇಳಿದು ಬಂದದ್ದನ್ನು ನೋಡಿದಾಗ ಅವಳ ಕಾಲಿಗೂ ಬಲ ಬರುತ್ತದೆ.

ನಮ್ಮ ಕರ್ತನೂ ಸೇವೆಯ ವಿಷಯ ಹೇಳಿ ಸುಮ್ಮನಾಗಲಿಲ್ಲ. ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಪಾದ ತೊಳೆದು ತೋರಿಸಿದನು.

ಆದ್ದರಿಂದ ಇವತ್ತು ಮನೆಗೆ ಹೋಗುವಾಗ ಮೂರು ಮಾತು ನೆನಪಿಡಿ. ಮಗುವಿಗೆ ಬೇಡವೆಂದು ಹೇಳುವುದನ್ನು ಅದರ ಮುಂದೆ ನೀವು ಮಾಡಬೇಡಿ. ಮನೆಯಲ್ಲಿ ಕೈ ಎತ್ತಿದವನನ್ನು ಮರುದಿನ ಎಲ್ಲರೂ ಸೇರಿ ಕೇಳಿ. ಕೇಳಿದ್ದನ್ನು ಮಕ್ಕಳು ನೋಡಲಿ. ನ್ಯಾಯ ಕೇಳಿದ ಒಬ್ಬರನ್ನು ಒಬ್ಬಂಟಿಯಾಗಿ ಬಿಡಬೇಡಿ. ಧೈರ್ಯ ಒಬ್ಬರಲ್ಲಿ ಹುಟ್ಟಬಹುದು. ಅದು ಬದುಕಿ ಉಳಿದದ್ದನ್ನು ಕಂಡಾಗಲೇ ಇನ್ನೊಬ್ಬರಿಗೆ ಅಂಟುವುದು.

ನಾಳೆ ಸಂಜೆಯೂ ಮಕ್ಕಳು ಕಾಟಾದ ಬಳಿ ನಿಂತಿರುತ್ತಾರೆ. ನಾವು ಹೇಗೆ ನಿಲ್ಲುತ್ತೇವೆ? ಯೋಚಿಸಿ. ದೇವರು ನಿಮ್ಮನ್ನು ಆಶೀರ್ವದಿಸಲಿ.